46 ಮೆಟ್ಟಿಲ ಮೇಲಿನ ಮಗಳ ಮನೆ

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಮಗಳು, ಅಳಿಯ ಇಬ್ಬರೂ ಪಣಜಿಯಲ್ಲಿ ಕೆಲಸದಲ್ಲಿದ್ದಾರೆ. ಮನೆ ಮಳಾ ಭಾಗದಲ್ಲಿ, ಗುಡ್ಡದ ಮಗ್ಗುಲಿಗೆ. ರಸ್ತೆಯಿಂದ ಮನೆಗೆ 46 ಮೆಟ್ಟಿಲು ಅಂತ ಮಗಳು ಫೋನಿನಲ್ಲಿ ಹೇಳಿದಳು. ಜನವರಿಯಲ್ಲಿ ನಾಲ್ಕು ದಿನಕ್ಕೆ ಹೋಗುವವರಿದ್ದೇವೆ. ನಮ್ಮದು ಬಯಲು ಸೀಮೆ, ಏರಿ ಇಳಿದು ರೂಢಿಯಿಲ್ಲ. ನಮ್ಮ ಮನೆಯವರಿಗೆ ಮೊಣಕಾಲು ನೋವು. ಅವರು ಇದುವರೆಗೆ ಸಮುದ್ರ ನೋಡಿಲ್ಲ. ನಾಲ್ಕೂ ದಿನ ರಜೆ ಹಾಕಿ ತಿರುಗಾಡಿಸ್ತೀನಿ ಅಂತ ಮಗಳು ಹಟ ಹಿಡಿದಿದ್ದಾಳೆ. ಮಗಳ ಮನೆಯಲ್ಲಿ ಭಾರ ಆಗಬಾರದು ಅಂತ ನನ್ನ ಮನಸ್ಸು. ನಾವಿಬ್ಬರೇ ಏನೇನು ನೋಡಬಹುದು? ಕೊಂಕಣಿ ನಮಗೆ ಬಾರದು.
- ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ನಮಸ್ಕಾರ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ 46 ಮೆಟ್ಟಿಲ ಮೇಲೆ. ಅದರ ಲೆಕ್ಕ ಮೊದಲು ಹಾಕೋಣ. ಊರು ನೋಡುವ ಮಾತು ಆಮೇಲೆ.

ನಾನು ಮದುವೆಯಾಗಿ ಹಾವೇರಿಯಿಂದ ಪಣಜಿಗೆ ಬಂದದ್ದು 1993ರಲ್ಲಿ. ಮೊದಲ ಬಾಡಿಗೆ ಮನೆ ಆಲ್ತಿನೊ ಗುಡ್ಡದ ಮೇಲಿತ್ತು. ಮರುವರ್ಷ ಅವ್ವ ನಾಲ್ಕು ದಿನಕ್ಕೆ ಅಂತ ಬಂದಳು. ಬಂದ ಮರುದಿನವೇ ಅವಳನ್ನು ಮೆಟ್ಟಿಲ ದಾರಿಯಲ್ಲಿ ಕೆಳಗಿನ ಫೊಂತೇನ್ಯಾಸ್ ಬೀದಿಗೆ ನಡೆಸಿಕೊಂಡು ಹೋದೆ. ಬರುವಾಗ ಗಾಡಿ ಮಾಡಿದರಾಯ್ತು, ಇಳಿಯೋದು ತಾನೇ ಅಂದುಕೊಂಡಿದ್ದೆ. ಸಂಜೆಗೆ ಅವಳ ಮೊಣಕಾಲು ಬಾತುಕೊಂಡಿತು. ಮುಂದಿನ ಎರಡು ದಿನ ಮಂಚ ಬಿಟ್ಟು ಏಳಲಿಲ್ಲ. ಅವ್ವ ಒಂದು ಮಾತೂ ಅನ್ನಲಿಲ್ಲ. ಆ ಎರಡು ದಿನ ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಗ ಡಾಕ್ಟರು ಹೇಳಿದ ಮಾತನ್ನು ನಿಮಗೂ ಹೇಳುತ್ತೇನೆ. ಮೊಣಕಾಲು ನೋವಿದ್ದವರಿಗೆ ಎಷ್ಟೋ ಸಲ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೆಟ್ಟಿಲು ಇಳಿಯುವಾಗ ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಹತ್ತುವಾಗ ನೋವಿಲ್ಲದ ಕಾಲು ಮೊದಲು ಇಡಬೇಕು. ಇಳಿಯುವಾಗ ನೋವಿರುವ ಕಾಲು ಮೊದಲು. ಎರಡೂ ಪಾದ ಒಂದೇ ಮೆಟ್ಟಿಲ ಮೇಲೆ ಸೇರಿದ ಮೇಲೆ ಮುಂದಿನ ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ ಇದೆಯೋ ಇಲ್ಲವೋ ಅಂತ ಮಗಳನ್ನು ಈಗಲೇ ಕೇಳಿ. ಇಲ್ಲದಿದ್ದರೆ ಊರಿನಿಂದ ಬರುವಾಗಲೇ ಒಂದು ಊರುಗೋಲು ತನ್ನಿ. ಇಲ್ಲಿನ ಹಳೇ ಮೆಟ್ಟಿಲುಗಳು ಕೆಂಪು ಚಿರೆಕಲ್ಲಿನವು. ಸವೆದು ಒಂದೊಂದು ಒಂದೊಂದು ಎತ್ತರ ಆಗಿರುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ. ನೀವು ಜನವರಿಯಲ್ಲಿ ಬರುತ್ತಿದ್ದೀರಿ, ಒಳ್ಳೆಯದಾಯ್ತು.

ಹಾಗಾಗಿ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ದಿನಕ್ಕೆ ಒಂದು ಸಲ ಇಳಿಯುವುದು, ಒಂದು ಸಲ ಹತ್ತುವುದು. ಊಟಕ್ಕೆ ಮನೆಗೆ ಬಂದು ಮತ್ತೆ ಹೊರಡೋಣ ಅನ್ನಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಮಗಳು ಕೆಲಸದಿಂದ ಬರುವ ಹೊತ್ತಿಗೆ ಮನೆ. ಇಲ್ಲಿ ಮಧ್ಯಾಹ್ನ ಒಂದರಿಂದ ಮೂರೂವರೆ, ನಾಲ್ಕರವರೆಗೆ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಊರೇ ಮಲಗಿದ ಹಾಗಿರುತ್ತದೆ. ಆ ಹೊತ್ತು ಎಲ್ಲಿ ಕಳೆಯುವುದು ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇದೆ. ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಗ್ರಂಥಾಲಯ. ಕದಂಬ ಬಸ್ ಸ್ಟ್ಯಾಂಡಿಗೆ ಹತ್ತಿರ. ಸಪಾಟು ನೆಲ, ಒಳಗೆ ಲಿಫ್ಟ್ ಇದೆ, ತಂಪಾಗಿದೆ. 1832ರಲ್ಲಿ ಶುರುವಾದದ್ದು. ಮೇಷ್ಟರಾದ ನಿಮಗೆ ಅಲ್ಲಿ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ನಿಮ್ಮ ಮನೆಯವರ ಕಾಲಿಗೂ ವಿಶ್ರಾಂತಿ.

ಬಂದ ದಿನ ದೂರ ಎಲ್ಲಿಗೂ ಹೋಗಬೇಡಿ. ಸಂಜೆ ಮನೆಯ ಬಾಗಿಲಲ್ಲೇ ಕೂತಿರಿ. ಪೊಂಯ್ ಪೊಂಯ್ ಅಂತ ರಬ್ಬರ್ ಹಾರ್ನ್ ಒತ್ತುತ್ತಾ ಸೈಕಲ್ ಮೇಲೆ ಪೊದೇರ್ ಬರುತ್ತಾನೆ. ಪಾವ್ ಮಾರುವವನಿಗೆ ಇಲ್ಲಿ ಹಾಗನ್ನುತ್ತಾರೆ. ಬಿದಿರು ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅವನ ಹತ್ತಿರ ಬಳೆಯ ಹಾಗೆ ಗುಂಡಗಿರುವ ಗಟ್ಟಿ ಪಾವ್ ಸಿಗುತ್ತದೆ. ಹೆಸರು ಕಾಂಕಣ್. ನಮ್ಮ ಕಂಕಣವೇ! ಚಹಾದಲ್ಲಿ ಅದ್ದಿ ತಿನ್ನಬೇಕು. ಅವ್ವ ಮಂಚದ ಮೇಲೆ ಕಳೆದ ಎರಡು ದಿನವೂ ಆ ಹಾರ್ನಿಗಾಗಿ ಕಾಯುತ್ತಿದ್ದಳು. ಊರಿಗೆ ಹೋದ ಮೇಲೂ ಗೋವಾ ಅಂದರೆ ಮೊದಲು ಅದನ್ನೇ ಹೇಳುತ್ತಿದ್ದಳು.

ಎರಡನೇ ದಿನ ಪಣಜಿ. ಮೊದಲು ಫೊಂತೇನ್ಯಾಸ್. ನಿಮ್ಮ ಮಗಳ ಮನೆಯಿಂದ ಕೆಳಗಿಳಿದರೆ ಹತ್ತಿರವೇ. ಮಳಾದಲ್ಲಿ ಫೀನಿಕ್ಸ್ ಅಂತ ಒಂದು ಹಳೇ ನೀರಿನ ಬುಗ್ಗೆ ಇದೆ. ಈ ಬೀದಿಯ ಹೆಸರು ಬಂದದ್ದೇ ಬುಗ್ಗೆಯಿಂದ. ಬೀದಿ ಸಪಾಟಾಗಿದೆ. ಬಿಸಿಲು ಏರುವ ಮೊದಲು, 31 ಜನವರಿ ರಸ್ತೆ ಅಂತ ಇದೆಯಲ್ಲ, ಅದರ ಉದ್ದಕ್ಕೆ ಸುಮ್ನೆ ನಿಧಾನ ನಡೆಯಿರಿ. ಹಳದಿ, ನೀಲಿ, ಇಟ್ಟಿಗೆ ಕೆಂಪು ಬಣ್ಣದ ಮನೆಗಳು. ಬಿಳಿ ಬಣ್ಣ ಚರ್ಚುಗಳಿಗೆ ಮಾತ್ರ ಮೀಸಲಿತ್ತು, ಅದಕ್ಕೇ ಮನೆಗಳಿಗೆ ಬೇರೆ ಬಣ್ಣ ಅಂತ ಇಲ್ಲಿಯವರು ಹೇಳುತ್ತಾರೆ. ಕೆಲವು ಹಳೇ ಮನೆಗಳ ಕಿಟಕಿಯಲ್ಲಿ ಗಾಜಿನ ಬದಲು ತೆಳು ಚಿಪ್ಪು ಕೂರಿಸಿರುತ್ತಾರೆ. ಸಮುದ್ರದ ಸಿಂಪಿಯ ಚಿಪ್ಪು. ಬೆಳಕು ಬರುತ್ತದೆ, ಬಿಸಿಲು ಚುಚ್ಚುವುದಿಲ್ಲ. ನಿಮ್ಮ ಮನೆಯವರಿಗೆ ತೋರಿಸಿ. ಬೀದಿಯ ಕೊನೆಗೆ 1818ರ ಸೇಂಟ್ ಸೆಬಾಸ್ಟಿಯನ್ ಪುಟ್ಟ ಚರ್ಚಿದೆ. ಅಲ್ಲಿನ ಶಿಲುಬೆಯ ಮೇಲಿನ ಯೇಸು ಕಣ್ಣು ತೆರೆದಿದ್ದಾನೆ. ಆ ಶಿಲುಬೆ ಮೊದಲು ಹಳೇ ಗೋವಾದ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಕಾಲದ ಧರ್ಮವಿಚಾರಣೆ ನ್ಯಾಯಾಲಯದ ಕಟ್ಟಡದಲ್ಲಿತ್ತು. ಇತಿಹಾಸ ಕಲಿಸಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು. ಆ ಮನೆಗಳಲ್ಲಿ ಜನ ವಾಸ ಮಾಡುತ್ತಾರೆ. ಬರುವವರೆಲ್ಲ ಅವರ ಮೆಟ್ಟಿಲ ಮೇಲೆ ಹತ್ತಿ, ಬಾಗಿಲಿಗೆ ಒರಗಿ ಫೋಟೊ ತೆಗೆಯುತ್ತಾರೆ. ನನ್ನ ಪರಿಚಯದ ಅಜ್ಜಿಯೊಬ್ಬರು ಇದಕ್ಕೇ ಮುಂಬಾಗಿಲು ತೆರೆಯುವುದನ್ನೇ ಬಿಟ್ಟಿದ್ದಾರೆ. ನೀವು ಹಾಗೆ ಮಾಡುವವರಲ್ಲ ಅಂತ ಗೊತ್ತು. ಆದರೂ ಓದುವ ಎಲ್ಲರಿಗಾಗಿ ಹೇಳಿದೆ.

ಅಲ್ಲಿಂದ ಆಟೋ ಮಾಡಿ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಊರಿನ ನಡುವಿನ ಗಾರ್ಸಿಯಾ ದ ಓರ್ತಾ ಉದ್ಯಾನದಲ್ಲಿ ಇಳಿಯಿರಿ. ಎದುರಿಗೇ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚು. ಅಂಕುಡೊಂಕು ಮೆಟ್ಟಿಲ ಸಾಲು ಇರುವ ಆ ಬಿಳಿ ಚರ್ಚನ್ನು ಎಲ್ಲರೂ ಫೋಟೊದಲ್ಲಿ ನೋಡಿರುತ್ತಾರೆ. ಅದರ ಅಂದ ಇರುವುದು ಕೆಳಗಿನಿಂದ ನೋಡುವುದರಲ್ಲೇ. ಉದ್ಯಾನದ ಬೆಂಚಿನ ಮೇಲೆ ಕೂತು ನೋಡಿದರೆ ಸಾಕು. ನೀವು ಬೇಕಾದರೆ ಹತ್ತಿ ಬನ್ನಿ, ಅವರನ್ನು ಹತ್ತಿಸಬೇಡಿ. ಮೇಲೆ ತೂಗುವ ದೊಡ್ಡ ಗಂಟೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ಅದರ ತವರನ್ನು ಮರುದಿನ ನೋಡುತ್ತೀರಿ.

ನಿಮ್ಮೂರಿನ ಋಣ ಈ ಊರಿನಲ್ಲೂ ಇದೆ, ಗುರುಗಳೇ. ಮಾಂಡವಿ ದಂಡೆಯ ಮೇಲೆ ಹಳೇ ಸಚಿವಾಲಯ ಅಂತ ಒಂದು ಕಟ್ಟಡವಿದೆ. ಅದು ಮೂಲದಲ್ಲಿ ವಿಜಯಪುರದ ಯೂಸುಫ್ ಆದಿಲ್ ಶಾಹನ ಅರಮನೆ. 1510ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. ಆಮೇಲೆ ಎಷ್ಟೋ ಸಲ ಬದಲಾಗಿದೆ. ಗೋಲಗುಮ್ಮಟದ ನೆರಳಲ್ಲಿ ಬದುಕಿದವರು ಅದರ ಮುಂದೆ ಒಂದು ನಿಮಿಷ ನಿಲ್ಲಬೇಡವೇ? ಪಕ್ಕದಲ್ಲೇ ಅಬ್ಬೆ ಫಾರಿಯಾ ಪ್ರತಿಮೆ ಇದೆ. ಕಾಂದೋಳಿಯಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಹೋಗಿ, ಸಮ್ಮೋಹನ ವಿದ್ಯೆಗೆ ಹೆಸರಾದ ಪಾದ್ರಿ.

ಅಲ್ಲಿಂದ ಬೇತಿ ಫೆರಿಯ ಕಟ್ಟೆ ದೂರವಿಲ್ಲ. ನಡೆದು ಹೋಗುವವರಿಗೆ ಫೆರಿ ಉಚಿತ. ಹತ್ತು ನಿಮಿಷದೊಳಗೆ ಆಚೆ ದಡ. ಇಳಿದು, ಒಂದು ಲೋಟ ಚಹಾ ಕುಡಿದು, ಅದರಲ್ಲೇ ವಾಪಸ್ ಬನ್ನಿ. ಇಳಿಜಾರು ಕಟ್ಟೆ ಒದ್ದೆಯಾಗಿರುತ್ತದೆ, ಕೈ ಹಿಡಿದುಕೊಳ್ಳಿ. ಹಾಡು ಕುಣಿತದ ಸಂಜೆ ಬೋಟಿಗೆ ದುಡ್ಡು ಕೊಡಬೇಡಿ. ಸದ್ದು ಜಾಸ್ತಿ, ನದಿ ಕಾಣುವುದು ಕಡಿಮೆ. ಈ ಮಾಂಡವಿ ಬೇರೆ ಯಾರೂ ಅಲ್ಲ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ. ಇಲ್ಲಿ ಬರುವ ಹೊತ್ತಿಗೆ ಎಷ್ಟು ಅಗಲವಾಗಿರುತ್ತಾಳೆ ಅಂದರೆ ನಿಮ್ಮ ಮನೆಯವರು ಇದೇ ಸಮುದ್ರ ಏನ್ರೀ ಅಂತ ಕೇಳಿಯಾರು. ಇನ್ನೂ ಅಲ್ಲ ಅಂತ ಹೇಳಿ.

ಮೂರನೇ ದಿನ ಹಳೇ ಗೋವಾ. ಪಣಜಿಯಿಂದ ಸುಮಾರು 10 ಕಿಲೋಮೀಟರ್. ಕದಂಬ ಸ್ಟ್ಯಾಂಡಿನಿಂದ ಬಸ್ಸುಗಳು ಬೇಕಾದಷ್ಟಿವೆ. ರಾಯಬಂದರ್ ಮೇಲೆ ಹೋಗುವ ಬಸ್ಸನ್ನೇ ಕೇಳಿ ಹತ್ತಿ. ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ತಗ್ಗು ಉಪ್ಪಿನ ಗದ್ದೆ, ನಡುವೆ 1630ರ ದಶಕದಲ್ಲಿ ಕಟ್ಟಿದ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ ದಾರಿ. ಬಸ್ಸಿನ ಮೇಲಿನ ಹೆಸರನ್ನೂ ನೋಡಿ. ಗೋವಾ ಸರ್ಕಾರದ ಬಸ್ಸಿನ ಹೆಸರೇ ಕದಂಬ. ನಮ್ಮ ಬನವಾಸಿಯ ಹೆಸರು ಹೊತ್ತು ಗೋವಾವನ್ನು ಆಳಿದ ಕದಂಬರು.

ಅಲ್ಲಿ ಬೊಮ್ ಜೀಸಸ್ ಬೆಸಿಲಿಕಾ ಮತ್ತು ಸೆ ಕೆಥೆಡ್ರಲ್ ರಸ್ತೆಯ ಆಚೆ ಈಚೆ ಇವೆ. ಎರಡೂ ಸಪಾಟು ನೆಲದ ಮೇಲೆ. ಬೆಸಿಲಿಕಾದಲ್ಲಿ ಬೆಳ್ಳಿ ಪೆಟ್ಟಿಗೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ಇದೆ. ಅವರು ತೀರಿಕೊಂಡದ್ದು 1552ರಲ್ಲಿ. ಕೆಥೆಡ್ರಲ್ ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯವನ್ನು ಮಾತ್ರ ಬಿಡಬೇಡಿ. ಶುಕ್ರವಾರ ರಜೆ, ಆ ದಿನ ತಪ್ಪಿಸಿ. ಪೋರ್ಚುಗೀಸ್ ವೈಸ್‌ರಾಯ್‌ಗಳ ಚಿತ್ರಗಳ ಸಾಲಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕದಂಬರ ಕಾಲದ ವೀರಗಲ್ಲುಗಳು. ಹಾವೇರಿ ಕಡೆ ನೂರಾರು ವೀರಗಲ್ಲು ನೋಡಿದ್ದೇನೆ. ಅಲ್ಲಿ ತುರುಗೋಳ್ (ದನಗಳಿಗಾಗಿ ನಡೆದ ಕಾಳಗ), ಕುದುರೆ, ಬಿಲ್ಲು. ಇಲ್ಲಿ ಒಂದು ಕಲ್ಲಿನಲ್ಲಿ ಹಡಗಿನ ಯುದ್ಧ ಕೆತ್ತಿದ್ದಾರೆ. ಸಮುದ್ರದಲ್ಲಿ ಸತ್ತವನಿಗೂ ನಮ್ಮವರು ಅದೇ ರೀತಿ ಕಲ್ಲು ನಿಲ್ಲಿಸಿದ್ದಾರಲ್ಲ ಅಂತ ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಸೇಂಟ್ ಕೆಜಿಟನ್ ಚರ್ಚಿನ ಹತ್ತಿರ ಕರೀ ಕಲ್ಲಿನ ಒಂಟಿ ಬಾಗಿಲುವಾಡ ನಿಂತಿದೆ. ಗೋಡೆ ಇಲ್ಲ, ಮಾಡು ಇಲ್ಲ. ಹಳೇ ಗೋವಾದಲ್ಲಿದ್ದ ಇನ್ನೊಂದು ಆದಿಲ್ ಶಾಹಿ ಅರಮನೆಯಲ್ಲಿ ಉಳಿದದ್ದು ಅಷ್ಟೇ. ಆಗಸ್ಟಿನ್ ಗೋಪುರದ ಪಾಳು ಗುಡ್ಡದ ಮೇಲಿದೆ. 46 ಮೀಟರ್ ಎತ್ತರದ ಒಂಟಿ ಗೋಡೆ. ಪಣಜಿ ಚರ್ಚಿನ ಗಂಟೆ ಇಲ್ಲಿಂದಲೇ ಹೋದದ್ದು. ಆದರೆ ಅಲ್ಲಿ ನೆಲ ಏರುಪೇರು. ನೀವೊಬ್ಬರೇ ಹೋಗಿ ಬನ್ನಿ. ಅವರು ಬೆಸಿಲಿಕಾ ಎದುರಿನ ನೆರಳಿನಲ್ಲಿ ಕೂತಿರಲಿ.

ಊಟಕ್ಕೆ ಪಣಜಿಯಲ್ಲಿ ಉಡುಪಿ ಹೋಟೆಲ್‌ಗಳಿವೆ. ಹೊರಗೆ ಹೋದ ದಿನಕ್ಕೆ ನಿಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಳ್ಳಿ. ಭಾಷೆಯ ಚಿಂತೆ ಬೇಡವೇ ಬೇಡ. ಪಣಜಿ ಮಾರ್ಕೆಟ್ಟಿಗೆ ತರಕಾರಿ ಬರುವುದೇ ಬೆಳಗಾವಿಯಿಂದ. ಮಾರುವವರಲ್ಲಿ ಕನ್ನಡದವರು ಬೇಕಾದಷ್ಟು. 'ಕಿತ್ಲೆ?' ಅಂದರೆ ಎಷ್ಟು ಅಂತ. 'ದೇವ್ ಬರೆಂ ಕರುಂ' ಅಂದರೆ ದೇವರು ಒಳ್ಳೆಯದು ಮಾಡಲಿ. ಧನ್ಯವಾದ ಹೇಳಲು ಹೀಗನ್ನುತ್ತಾರೆ. ಇವೆರಡು ಸಾಕು.

ಈಗ ರಜೆಯ ಮಾತು. ನಾಲ್ಕೂ ದಿನ ಬೇಡ. ಆದರೆ ಒಂದು ದಿನ ಹಾಕಲಿ, ಬೇಡ ಅನ್ನಬೇಡಿ. ಆ ದಿನಕ್ಕೆ ಸಮುದ್ರ ಉಳಿಸಿ. ಮೊದಲ ಮೂರು ದಿನ ಮಿರಾಮಾರ್ ಕಡೆಗೆ ಹೋಗಲೇಬೇಡಿ. ಆಲ್ತಿನೊ ಮೇಲೆ ಹತ್ತಿ ದೂರದಿಂದ ತೋರಿಸಲೂ ಬೇಡಿ. ನಾಲ್ಕನೇ ದಿನ ಮಧ್ಯಾಹ್ನ ನಿದ್ದೆ ಮುಗಿಸಿ, ನಾಲ್ಕೂವರೆಗೆ ಮಗಳ ಜೊತೆ ಗಾಡಿಯಲ್ಲಿ ಹೊರಡಿ. ಮಿರಾಮಾರ್ ಪಣಜಿಯಿಂದ ಮೂರು ಕಿಲೋಮೀಟರ್. ಮಾಂಡವಿ ಸಮುದ್ರ ಸೇರುವ ಜಾಗ ಅದು. ಮೆಟ್ಟಿಲಿಲ್ಲ, ಬಂಡೆಯಿಲ್ಲ, ಬರೀ ಮರಳು. ನೀರಿನ ಹತ್ತಿರದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಮೊಣಕಾಲಿಗೆ ಅದು ಸುಲಭ. ಪಾದ ಮುಳುಗುವಷ್ಟು ನೀರಿಗೆ ಮಾತ್ರ ಹೋಗಿ, ಸೆಳೆತ ಇದೆ. ಒಂದು ಕಡೆ ನೀವು, ಒಂದು ಕಡೆ ಮಗಳು ಕೈ ಹಿಡಿಯಿರಿ.

ಭಾರ ಅಂದಿರಿ. ಗುರುಗಳೇ, ನನ್ನ ಅಪ್ಪನೂ ಹೀಗೇ ಯೋಚಿಸುತ್ತಿದ್ದರು. ಮಗಳ ಮನೆ ಅಂತ ಎರಡು ದಿನಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ಒಂದು ಸಲವೂ ನನಗಾಗಿ ರಜೆ ಹಾಕು ಅನ್ನಲಿಲ್ಲ. ನಾನೂ ಹಾಕಲಿಲ್ಲ. ಈಗ ಅವರಿಲ್ಲ. ಅವ್ವನ ಕಾಲಿಗೆ ಮೊದಲ ಅಲೆ ತಾಗುವುದನ್ನು ಮಗಳು ನೋಡಬೇಕು. ಅದನ್ನು ಅವಳಿಂದ ಕಿತ್ತುಕೊಳ್ಳಬೇಡಿ.

ಪ್ರಶ್ನೆ: ನಾನು ವಾಸ್ಕೋದಲ್ಲೇ ಹುಟ್ಟಿ ಬೆಳೆದವನು, ಕಾಲೇಜು ಓದುತ್ತಿದ್ದೇನೆ. ದಾವಣಗೆರೆಯಿಂದ ಚಿಕ್ಕಮ್ಮನ ಮಕ್ಕಳು ಎರಡು ದಿನಕ್ಕೆ ಬರುತ್ತಿದ್ದಾರೆ. ವಾಸ್ಕೋದಲ್ಲಿ ಏನಿದೆ, ಕಲಂಗೂಟ್‌ಗೆ ಕರ್ಕೊಂಡು ಹೋಗು ಅಂತಾರೆ. ಏನು ಮಾಡಲಿ, ಆಂಟಿ?
- ಒಬ್ಬ ವಿದ್ಯಾರ್ಥಿ, ವಾಸ್ಕೋ

ಉತ್ತರ: ಏನಿದೆ ಅಂತ ಕೇಳಿದರೆ ಮನಸ್ಸಿಗೆ ನೋವಾಗುತ್ತದೆ, ಅಲ್ವಾ ತಮ್ಮಾ? ನಿನ್ನ ಊರು ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬಂದರು. ದಾವಣಗೆರೆಯ ಹುಡುಗರು ಹಡಗಿಗೆ ಸರಕು ತುಂಬುವುದನ್ನು ನೋಡಿರುತ್ತಾರಾ? ಸಡಾ ಗುಡ್ಡದ ಮೇಲಿನ ಜಪಾನಿ ಉದ್ಯಾನಕ್ಕೆ ಸಂಜೆ ಕರೆದುಕೊಂಡು ಹೋಗು. ಕೆಳಗೆ ನೀಲಿ ನೀರು, ಅದರ ಮೇಲೆ ಲಂಗರು ಹಾಕಿದ ಹಡಗುಗಳು. ಬೆಳಿಗ್ಗೆ ಬೊಗ್ಮಾಳೊ ರಸ್ತೆಯ ನೌಕಾಪಡೆ ವಿಮಾನ ವಸ್ತುಸಂಗ್ರಹಾಲಯ. ನಿಜವಾದ ವಿಮಾನಗಳ ಹತ್ತಿರ ನಿಂತು ನೋಡಬಹುದು. ಸೋಮವಾರ ಮುಚ್ಚಿರುತ್ತದೆ. ಅಲ್ಲಿಂದ ಬೊಗ್ಮಾಳೊ ಬೀಚ್ ಹತ್ತಿರ.

ಅವರು ರೈಲಿನಲ್ಲಿ ಬರುವುದಾದರೆ ಹಗಲು ಹೊತ್ತಿನ ರೈಲು ಹಿಡಿಯಲು ಹೇಳು. ಕ್ಯಾಸಲ್ ರಾಕ್ ದಾಟಿದ ಮೇಲೆ ಘಟ್ಟ ಇಳಿಯುವ ದಾರಿ, ಸುರಂಗಗಳು, ದೂಧಸಾಗರ ಜಲಪಾತ. 310 ಮೀಟರ್ ಎತ್ತರ. ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ, ನಿಮ್ಮ ಮುರ್ಗಾಂವ್ ಬಂದರಿಗಾಗಿಯೇ ಹಾಕಿದ ಹಳಿ ಅದು. ಮಳೆಗಾಲದಲ್ಲಿ ಮತ್ತೊಮ್ಮೆ ಬಂದರೆ ದಾಮೋದರ ದೇವಸ್ಥಾನದ ಸಪ್ತಾಹ ತೋರಿಸು. ಶ್ರಾವಣದಲ್ಲಿ ಇಡೀ ದಿನ ನಿಲ್ಲದ ಭಜನೆ. ಕಲಂಗೂಟ್‌ಗೆ ಹೋಗಿ ಬರಲು ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ. ಇರುವುದು ಎರಡೇ ದಿನ. ನಾನಾದರೆ ಹೋಗುವುದಿಲ್ಲ.

ಪ್ರಶ್ನೆ: ಮಡಗಾಂವ್‌ನಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ವಾಪಸ್ ಬರುವಾಗ ಅತ್ತೆಯವರಿಗೆ ಏನು ತರಲಿ? ಅವರು ಮೊಟ್ಟೆ ಕೂಡ ಮುಟ್ಟುವುದಿಲ್ಲ.
- ಗೃಹಿಣಿ, ಹುಬ್ಬಳ್ಳಿ

ಉತ್ತರ: ಬೆಬಿಂಕಾ ತರಬೇಡಿ. ಪದರು ಪದರಾಗಿ ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಮೊಟ್ಟೆಯ ಹಳದಿ ಬಹಳ ಇರುತ್ತದೆ. ದೊದೊಲ್ ತನ್ನಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ ಹಾಕಿ ಗಂಟೆಗಟ್ಟಲೆ ಮಗುಚಿ ಮಾಡುವ ಹಲ್ವ. ಕೊಳ್ಳುವಾಗ ಮೊಟ್ಟೆ ಇಲ್ಲ ತಾನೇ ಅಂತ ಒಂದು ಸಲ ಕೇಳಿಬಿಡಿ. ಜೊತೆಗೆ ಕಾಲು ಕಿಲೋ ಒಣಗಿದ ಕೋಕಂ ಸಿಪ್ಪೆ. ಮಾರ್ಕೆಟ್ಟಿನಲ್ಲಿ ಸೋಲಾಂ ಅಂತ ಕೇಳಿ. ಮುಟ್ಟಿದರೆ ಮೆತ್ತಗಿರಬೇಕು, ಕಡ್ಡಿಯ ಹಾಗೆ ಮುರಿದರೆ ಹಳೆಯದು. ಗಾಜಿನ ಬಾಟಲಿಯಲ್ಲಿ ಹಾಕಿಡಿ. ಅತ್ತೆಯವರ ಸಾರಿಗೆ ಹುಣಸೆಹಣ್ಣಿನ ಬದಲು ಎರಡು ಸಿಪ್ಪೆ ಸಾಕು.